ಮೇಲಿನವರ ಮೂಡು, ಕೆಳಗಿನವರ ಜ್ವರ

"ಅವರ ಸ್ವಭಾವ ಗೊತ್ತಲ್ಲ, ಸ್ವಲ್ಪ ಅರ್ಥ ಮಾಡ್ಕೊಳ್ಳಿ."

ಆಫೀಸಿನಲ್ಲಿ ಆರು ತಿಂಗಳು ಕೆಲಸ ಮಾಡಿದವರಿಗೂ ಈ ಮಾತು ಹೊಸದಲ್ಲ. ಮ್ಯಾನೇಜರ್ ಎಲ್ಲರೆದುರು ಕೂಗಾಡಿ ಹೋದ ಮೇಲೆ ಕಾಫಿ ಮಷೀನ್ ಹತ್ತಿರ ಪಕ್ಕದ ಸೀಟಿನವರು ಮೆಲ್ಲಗೆ ಹೇಳುವ ಸಮಾಧಾನ ಅದು. ಇದೇ ಮಾತನ್ನು ತಿರುಗಿಸಿ ಹೇಳಿದ್ದನ್ನು ಕೇಳಿದ್ದೀರಾ? ಅಂದರೆ, ಟೀಮಿನ ಹೊಸ ಹುಡುಗಿ ಮೀಟಿಂಗಿನಲ್ಲಿ ದನಿ ಏರಿಸಿದ ಮೇಲೆ ಯಾರಾದರೂ ಮ್ಯಾನೇಜರ್ ಹತ್ತಿರ ಹೋಗಿ, "ಸರ್, ಅವಳ ಸ್ವಭಾವ ಗೊತ್ತಲ್ಲ, ನೀವೇ ಸ್ವಲ್ಪ ಅರ್ಥ ಮಾಡ್ಕೊಳ್ಳಿ" ಅಂದಿದ್ದು? ನಾನು ಹದಿನಾಲ್ಕು ವರ್ಷದಿಂದ ಎಚ್.ಆರ್.ನಲ್ಲಿದ್ದೇನೆ (ಬೈಯೋದಿದ್ದರೆ ಈಗಲೇ ಬೈದು ಮುಂದಕ್ಕೆ ಓದಿ). ಕೈಬೆರಳಲ್ಲಿ ಎಣಿಸುವಷ್ಟು ಸಲವೂ ಕೇಳಿಲ್ಲ.

ವರ್ಷಕ್ಕೊಮ್ಮೆ ನಮ್ಮಲ್ಲಿ ಮ್ಯಾನೇಜರುಗಳಿಗೆ ಎರಡು ದಿನದ ಟ್ರೈನಿಂಗ್ ಇರುತ್ತದೆ. ವಿಷಯ, ಕೆಲಸದ ಜಾಗದಲ್ಲಿ ಮನುಷ್ಯರ ವರ್ತನೆಯನ್ನು ಅರ್ಥ ಮಾಡಿಕೊಳ್ಳುವುದು. ಒಳ್ಳೆ ಹೋಟೆಲು, ಮಧ್ಯಾಹ್ನ ಬಫೆ, ನೀವು ಕೆಂಪು ಬಣ್ಣದವರೋ ನೀಲಿ ಬಣ್ಣದವರೋ ಅಂತ ಹೇಳುವ ಒಂದು ಪ್ರಶ್ನೆಪತ್ರಿಕೆ. ಅದರ ಬಿಲ್ಲಿಗೆ ಸಹಿ ಹಾಕುವವನು ನಾನೇ ಆದ್ದರಿಂದ ಹೆಚ್ಚು ಗೇಲಿ ಮಾಡೋದಿಲ್ಲ. ಆದರೆ ಪ್ರತಿ ಸಲವೂ ಒಂದು ವಿಷಯ ತಲೆಗೆ ಬರುತ್ತದೆ. ಈ ಪಾಠಕ್ಕೆ ನಾವು ಕಳಿಸೋದು ಮೇಲಿನವರನ್ನು ಮಾತ್ರ. ಸೆಕ್ಯುರಿಟಿ ಗಾರ್ಡನ್ನು, ಹೌಸ್‌ಕೀಪಿಂಗ್ ಅಕ್ಕನನ್ನು, ಟ್ರೈನಿ ಹುಡುಗನನ್ನು ಯಾರೂ ಕಳಿಸುವುದಿಲ್ಲ. ಅವರಿಗೆ ಬೇಕಾಗಿಯೂ ಇಲ್ಲ. ಬಾಸ್ ಕಾರಿನ ಬಾಗಿಲು ಹಾಕುವ ಸದ್ದಿನಲ್ಲೇ ಇವತ್ತಿನ ಮೂಡು ಏನು ಅಂತ ಹೇಳುವಷ್ಟು ಪಾಠ ಅವರಿಗೆ ಆಗಿರುತ್ತದೆ.

ನಾನು ಹುಟ್ಟಿ ಬೆಳೆದದ್ದು ಟಿ. ನರಸೀಪುರದಲ್ಲಿ. ಹೊರಗಿನವರಿಗೆ ನಮ್ಮೂರು ಅಂದರೆ ಕಾವೇರಿ, ಕಪಿಲೆ ಸೇರುವ ತಿರುಮಕೂಡಲು, ಗುಂಜಾ ನರಸಿಂಹಸ್ವಾಮಿ ದೇವಸ್ಥಾನ, ಮೂರು ವರ್ಷಕ್ಕೊಮ್ಮೆ ಕುಂಭಮೇಳ. ಊರಿಗೆ ರೇಷ್ಮೆಯ ನಂಟೂ ಇದೆ. ಮೈಸೂರು ಸಿಲ್ಕ್ ಸೀರೆ ನೇಯುವುದು ಮೈಸೂರಿನಲ್ಲಿ, 1912ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ಕಾರ್ಖಾನೆಯಲ್ಲಿ. ಅದೇ ಕೆಎಸ್‌ಐಸಿ ಸಂಸ್ಥೆಯ ಫಿಲೇಚರ್, ಅಂದರೆ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆ ಇರುವುದು ನರಸೀಪುರದಲ್ಲಿ. ನಾನು ಹೇಳಲಿರುವ ಅಕ್ಕ ಅಲ್ಲಿಯವರಲ್ಲ, ಒಂದು ಸಣ್ಣ ಖಾಸಗಿ ಘಟಕದಲ್ಲಿ ನೂಲು ಬಿಚ್ಚುತ್ತಿದ್ದವರು. ನಮ್ಮ ಬೀದಿಯವರೇ.

ನೂಲು ಬಿಚ್ಚುವುದನ್ನು ನೋಡಿಲ್ಲದವರಿಗೆ ಸ್ವಲ್ಪ ಹೇಳಬೇಕು. ಗೂಡನ್ನು ಬಿಸಿನೀರಲ್ಲಿ ಬೇಯಿಸಿದರೆ ಎಳೆಗಳನ್ನು ಅಂಟಿಸಿರುವ ಗೋಂದು ಸಡಿಲವಾಗುತ್ತದೆ. ಆಮೇಲೆ ಎಳೆಯ ತುದಿ ಹುಡುಕಬೇಕು. ಒಂದು ಗೂಡಿನಲ್ಲಿ ನೂರಾರು ಮೀಟರು, ಒಳ್ಳೆ ಗೂಡಾದರೆ ಸಾವಿರ ದಾಟುವಷ್ಟು ಎಳೆ ಇರುತ್ತದೆ. ಒಂದೇ ಎಳೆ ಕಣ್ಣಿಗೆ ಕಾಣೋದೂ ಕಷ್ಟ, ಹಾಗಾಗಿ ಎಂಟು ಹತ್ತು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡುತ್ತಾರೆ. ಒಂದು ಗೂಡು ಮುಗಿದ ತಕ್ಷಣ ಇನ್ನೊಂದರ ತುದಿಯನ್ನು ಓಡುತ್ತಿರುವ ನೂಲಿಗೆ ಸೇರಿಸಬೇಕು. ತಡವಾದರೆ ನೂಲು ಆ ಜಾಗದಲ್ಲಿ ತೆಳ್ಳಗಾಗುತ್ತದೆ, ಎರಡು ಸೇರಿಸಿದರೆ ದಪ್ಪ. ದಿನವಿಡೀ ಕೈ ಬಿಸಿನೀರಲ್ಲಿ, ಮೂಗಿಗೆ ಬೆಂದ ಹುಳದ ವಾಸನೆ, ಕಣ್ಣು ಎಳೆ ಮೇಲೆ.

ಅದರ ಜೊತೆಗೇ ಆ ಅಕ್ಕ ಇನ್ನೊಂದನ್ನೂ ಗಮನಿಸುತ್ತಿದ್ದರು. "ಚಪ್ಲಿ ಸದ್ದಲ್ಲೇ ಗೊತ್ತಾಗ್ಬುಡೋದು ಕಣ್ ಮಗ, ಇವತ್ತು ಸೂಪರ್‌ವೈಸರ್ ಉಗೀತಾನೋ ಇಲ್ವೋ ಅಂತ" ಅನ್ನೋರು. ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ರೇಟು ಏರಿದ ದಿನ ಓನರ್ ಮುಖ ಹೇಗಿರುತ್ತೆ, ಯಾವ ದಿನ ಅಡ್ವಾನ್ಸ್ ಕೇಳಬಹುದು, ಯಾವ ದಿನ ಬಾತ್‌ರೂಮಿಗೂ ಎದ್ದು ಹೋಗಬಾರದು, ಎಲ್ಲ ಬಾಯಿಪಾಠ. ಯಾವ ಕಾಲೇಜಿನಲ್ಲೂ ಕಲಿಸದ ಆರ್ಗನೈಸೇಷನಲ್ ಬಿಹೇವಿಯರ್ ಅದು.

ಸೂಪರ್‌ವೈಸರಿಗೆ ಇವರ ಬಗ್ಗೆ ಏನು ಗೊತ್ತಿತ್ತು? ದಿನಕ್ಕೆ ಎಷ್ಟು ಗ್ರಾಂ ನೂಲು, ಎಷ್ಟು ಸಲ ತುಂಡಾಯಿತು. ಪುಸ್ತಕದಲ್ಲಿ ಈಕೆಯ ಹೆಸರಿನ ಮುಂದೆ ಸೋಮವಾರ ಜಾಸ್ತಿ, ಶನಿವಾರ ಕಡಿಮೆ. "ವಾರದ ಕೊನೇಲಿ ಸೋಮಾರಿ ಆಗ್ಬುಡ್ತಾಳೆ" ಅನ್ನುವುದು ಅವನ ತೀರ್ಮಾನ. ನಿಜ ಏನೆಂದರೆ ಆರು ದಿನ ಬಿಸಿನೀರಲ್ಲಿ ನೆಂದು ಶನಿವಾರದ ಹೊತ್ತಿಗೆ ಬೆರಳಿನ ಚರ್ಮ ಸುಲಿದು ಹೋಗಿರುತ್ತಿತ್ತು, ಎಳೆ ಹಿಡಿಯೋಕೆ ಆಗುತ್ತಿರಲಿಲ್ಲ. ಭಾನುವಾರ ಒಂದು ದಿನ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತರೆ ಸೋಮವಾರ ಮತ್ತೆ ಕೈ ಓಡುತ್ತಿತ್ತು. ಆತ ಒಂದೇ ಒಂದು ಸಲ ಆ ಕೈ ನೋಡಿದ್ದರೆ ಸಾಕಿತ್ತು. ಪುಸ್ತಕ ಅವಳ ಕೈಗಿಂತ ಹತ್ತಿರವಿತ್ತು.

ಇನ್ನೊಬ್ಬರ ನಡವಳಿಕೆಗೆ ಅವರ ಸ್ವಭಾವವೇ ಕಾರಣ ಅಂದುಕೊಂಡು, ಅವರು ನಿಂತಿರುವ ಸನ್ನಿವೇಶವನ್ನು ಮರೆತುಬಿಡುವ ಈ ಚಾಳಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಒಂದು ಭಾರಿ ಹೆಸರನ್ನೇ ಇಟ್ಟರು. ನಮಗೆ ಆ ಹೆಸರು ಬೇಡ. ಅವನು ಲೇಟಾಗಿ ಬಂದರೆ ಬೇಜವಾಬ್ದಾರಿ, ನಾನು ಲೇಟಾಗಿ ಬಂದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಅಷ್ಟು ಸಾಕು. ನನಗೆ ಮುಖ್ಯ ಅನ್ನಿಸೋದು ಬೇರೆ. ಈ ತಪ್ಪು ಎಲ್ಲರೂ ಮಾಡುತ್ತಾರೆ, ಆದರೆ ಅದರ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಅಕ್ಕ ಸೂಪರ್‌ವೈಸರನ್ನು ತಪ್ಪಾಗಿ ತಿಳಿದುಕೊಂಡರೆ ಅವತ್ತಿನ ಕೂಲಿಗೆ ಸಂಚಕಾರ. ಸೂಪರ್‌ವೈಸರ್ ಅಕ್ಕನನ್ನು ತಪ್ಪಾಗಿ ತಿಳಿದುಕೊಂಡರೆ ಆಗಲೂ ಸಂಚಕಾರ ಅಕ್ಕನ ಕೂಲಿಗೇ. ಹಾಗಿರುವಾಗ ಆತ ಯಾಕೆ ತಲೆಕೆಡಿಸಿಕೊಳ್ಳಬೇಕು? ಅರ್ಥ ಮಾಡಿಕೊಳ್ಳುವುದು ಅಕ್ಕನಿಗೆ ಹೊಟ್ಟೆಪಾಡು. ಸೂಪರ್‌ವೈಸರಿಗೆ ಹಾಗಲ್ಲ, ಬೇಕಾದರೆ ಮಾಡಬಹುದು, ಬಿಟ್ಟರೂ ನಡೆಯುತ್ತದೆ. ಬಿಟ್ಟರೂ ನಡೆಯುವ ಕಡೆ ಅದನ್ನು ಮಾಡುತ್ತೇವೋ ಇಲ್ಲವೋ, ನೀತಿಯ ಪ್ರಶ್ನೆ ಹುಟ್ಟುವುದು ಅಲ್ಲಿ ಅಂತ ನನ್ನ ಲೆಕ್ಕ.

ಎಂಬಿಎ ಓದಿದವರು ಇಷ್ಟು ಹೊತ್ತಿಗೆ ಹಾಥಾರ್ನ್ ನೆನಪಿಸಿಕೊಂಡಿರುತ್ತಾರೆ. ಷಿಕಾಗೊ ಪಕ್ಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆ, 1924ರಲ್ಲಿ ದೀಪದ ಬೆಳಕು ಹೆಚ್ಚು ಕಮ್ಮಿ ಮಾಡಿ ನೋಡಿದ ಪ್ರಯೋಗ, 1927ರಲ್ಲಿ ಟೆಲಿಫೋನ್ ರಿಲೇ ಜೋಡಿಸುವ ಐವರು ಯುವತಿಯರನ್ನು ಬೇರೆ ಕೋಣೆಯಲ್ಲಿ ಕೂರಿಸಿದ್ದು, ಬಿಡುವು ಕೊಟ್ಟು, ಕೆಲಸದ ಹೊತ್ತು ಬದಲಿಸಿ ನೋಡಿದ್ದು, ಉತ್ಪಾದನೆ ಏರಿದ್ದು. ಮನುಷ್ಯರನ್ನು ಮನುಷ್ಯರಂತೆ ಗಮನಿಸಿದರೆ ಕೆಲಸವೂ ಚೆನ್ನಾಗಿ ಆಗುತ್ತದೆ ಅಂತ ಎಲ್ಟನ್ ಮೇಯೋ ಇದನ್ನು ಜಗತ್ತಿಗೆಲ್ಲ ಸಾರಿದರು. ಪಾಠ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿ ಒಂದಿದೆ. ಆ ಐವರಲ್ಲಿ ಇಬ್ಬರನ್ನು 1928ರ ಆರಂಭದಲ್ಲಿ ಕೋಣೆಯಿಂದ ಹೊರಗೆ ಕಳಿಸಿದರು. ಜಾಸ್ತಿ ಮಾತಾಡುತ್ತಾರೆ, ಸಹಕರಿಸುತ್ತಿಲ್ಲ ಅನ್ನುವ ದೂರು. ಅವರ ಜಾಗಕ್ಕೆ ಬೇರೆ ಇಬ್ಬರು ಬಂದರು. ಕಾರ್ಮಿಕರ ಮಾತು ಕೇಳಬೇಕು ಅಂತ ಜಗತ್ತಿಗೆ ಕಲಿಸಿದ ಕೋಣೆಯಲ್ಲೇ ಹೀಗೆ!

ಅದೇ ವರ್ಷ ಅಲ್ಲಿ ಸಂದರ್ಶನಗಳೂ ಶುರುವಾದವು. ಇಪ್ಪತ್ತು ಸಾವಿರಕ್ಕೂ ಹೆಚ್ಚು ನೌಕರರನ್ನು ಕೂರಿಸಿ ಅವರ ಮಾತು ಬರೆದುಕೊಂಡರು. ಇದು ಸಣ್ಣ ಕೆಲಸವಲ್ಲ, ಇವತ್ತಿಗೂ ನಾನು ಎಕ್ಸಿಟ್ ಇಂಟರ್‌ವ್ಯೂ ಮಾಡುವಾಗ ಅವರ ವಿಧಾನದ ಋಣ ಇದ್ದೇ ಇದೆ: ಅಡ್ಡ ಮಾತಾಡಬೇಡ, ಉಪದೇಶ ಮಾಡಬೇಡ, ಕೇಳು. ಆದರೆ ಕೇಳಿಸಿಕೊಂಡ ಮೇಲೆ? ಹೇಳಿಕೊಂಡು ಮನಸ್ಸು ಹಗುರವಾದರೆ ಸಾಕು, ದುಡಿಮೆಯ ವ್ಯವಸ್ಥೆ ಹೇಗಿದೆಯೋ ಹಾಗೇ ಇರಲಿ ಅನ್ನುವುದಾದರೆ ಅದು ಅರ್ಥ ಮಾಡಿಕೊಳ್ಳುವುದಲ್ಲ, ಸಮಾಧಾನ ಮಾಡಿ ಕಳಿಸುವುದು. ಹಾಥಾರ್ನ್ ಬಗ್ಗೆ ಆಮೇಲಿನವರು ಎತ್ತಿದ ಆಕ್ಷೇಪವೂ ಹೆಚ್ಚುಕಮ್ಮಿ ಇದೇ.

ದೂರದ ಷಿಕಾಗೊ ಸಾಕು. ಸಂಗಮಕ್ಕೆ ಬರುವ ಮುಂಚೆ ಕಪಿಲೆ ನಂಜನಗೂಡನ್ನು ಹಾದು ಬರುತ್ತಾಳೆ. ಶ್ರೀಕಂಠೇಶ್ವರ, ರಸಬಾಳೆ, ಹಲ್ಲುಪುಡಿಯ ಊರು ಅಂತ ಹೆಸರಾದ ನಂಜನಗೂಡಿನ ಸುತ್ತ ಈಗ ದೊಡ್ಡ ಕೈಗಾರಿಕಾ ಪ್ರದೇಶವಿದೆ. 2020ರ ಮಾರ್ಚ್ 26, ದೇಶ ಲಾಕ್‌ಡೌನ್ ಆದ ಎರಡನೇ ದಿನ, ಅಲ್ಲಿನ ಜುಬಿಲಂಟ್ ಔಷಧ ಕಾರ್ಖಾನೆಯ ಒಬ್ಬ ಉದ್ಯೋಗಿಗೆ ಕೊರೊನಾ ಇದೆ ಅಂತ ವರದಿ ಬಂತು. ವಿದೇಶಕ್ಕೆ ಹೋಗಿ ಬಂದವರಲ್ಲ. ಮುಂದಿನ ವಾರಗಳಲ್ಲಿ ಸಹೋದ್ಯೋಗಿಗಳಿಗೆ, ಮನೆಯವರಿಗೆ ಹರಡಿತು. ಸಾವಿರಕ್ಕೂ ಹೆಚ್ಚು ಮಂದಿ ಕ್ವಾರಂಟೈನ್ ಆದರು, ನಂಜನಗೂಡಿಗೆ ನಂಜನಗೂಡೇ ಬಂದ್. ಮೈಸೂರು ಜಿಲ್ಲೆಯ ಮೊದಲ 90 ಪ್ರಕರಣಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಆ ಒಂದು ಕಾರ್ಖಾನೆಯ ಕೊಂಡಿಯವು. ಮೇ ಮಧ್ಯದ ಹೊತ್ತಿಗೆ ಎಲ್ಲರೂ ಗುಣವಾಗಿ ಮನೆಗೆ ಹೋದರು.

ನೆನಪಿರಬಹುದು, ಆಗ ಕಾಯಿಲೆ ಬಂದವರಿಗೆ ಹೆಸರಿರಲಿಲ್ಲ, ನಂಬರ್ ಇತ್ತು. ಮೈಸೂರಿನ ಬಾಯಲ್ಲೆಲ್ಲ ಆ ಒಂದು ನಂಬರೇ. ಎಲ್ಲಿಂದ ತಂದ, ಯಾರನ್ನು ಭೇಟಿಯಾದ, ಯಾಕೆ ಮುಚ್ಚಿಟ್ಟ? ಚೀನಾದಿಂದ ಬಂದ ಕಚ್ಚಾ ಸಾಮಗ್ರಿಯ ಮೇಲೆ ಸಂಶಯ ಬಂತು, ಮಾದರಿಗಳು ಲ್ಯಾಬಿಗೆ ಹೋದವು, ಹಿರಿಯ ಐಎಎಸ್ ಅಧಿಕಾರಿಯ ತನಿಖೆ ಆಯಿತು, ರಾಜಕಾರಣಿಗಳು ಪರಸ್ಪರ ಕಿತ್ತಾಡಿದರು. ಸೋಂಕಿನ ಮೂಲ ಮಾತ್ರ ಕೊನೆಗೂ ಖಚಿತವಾಗಲಿಲ್ಲ. ಆ ತಿಂಗಳುಗಳಲ್ಲಿ ನನಗೆ ಗೊತ್ತಿದ್ದ ಒಬ್ಬ ಹುಡುಗ, ಆ ಕಾರ್ಖಾನೆಗೆ ಯಾವ ಸಂಬಂಧವೂ ಇಲ್ಲದವನು, ನಂಜನಗೂಡಿನವನು ಅನ್ನುವ ಒಂದೇ ಕಾರಣಕ್ಕೆ ಮೈಸೂರಿನ ಬಾಡಿಗೆ ರೂಮಿನ ಗೇಟಿನಿಂದ ಆಚೆಯೇ ನಿಲ್ಲಬೇಕಾಯಿತು.

ರೋಗ ತಡೆಯಬೇಕಾದರೆ ಯಾರು ಯಾರನ್ನು ಭೇಟಿಯಾದರು ಅಂತ ಕೇಳಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ "ಯಾರಿಂದ" ಅನ್ನುವ ಪ್ರಶ್ನೆಗೆ ಅಷ್ಟು ಜನ ಅಷ್ಟು ದಿನ ಕಚ್ಚಾಡಿದರೂ, ಅದರ ಪಕ್ಕದಲ್ಲೇ ಇದ್ದ ಇನ್ನೊಂದು ಪ್ರಶ್ನೆ ನಮ್ಮ ಟೀಕಟ್ಟೆ ಚರ್ಚೆಗಳಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ಜ್ವರ ಬಂದರೂ ಜನ ಯಾಕೆ ಕೆಲಸಕ್ಕೆ ಹೋಗುತ್ತಾರೆ? ಆ ಉದ್ಯೋಗಿಯ ವಿಷಯ ಹೇಳುತ್ತಿಲ್ಲ, ಅವರ ಬಗ್ಗೆ ಊಹೆ ಮಾಡುವ ಹಕ್ಕು ನನಗಿಲ್ಲ. ನಮ್ಮ ಎಲ್ಲರ ಕಾರ್ಖಾನೆ, ಆಫೀಸುಗಳ ಮಾತು.

ಉತ್ತರ ಸಿಗುವುದು ಸಂಬಳದ ಚೀಟಿಯಲ್ಲಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇತ್ತು. ಕಾಯಿಲೆ ಬಿದ್ದರೆ ಕೂಲಿಯ ಶೇಕಡಾ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಒಳ್ಳೆ ವ್ಯವಸ್ಥೆಯೇ. ಆದರೆ ಕಾಯಿಲೆಯ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಆ ಭತ್ಯೆ ಇಲ್ಲ. ಇದರ ಮೇಲೆ ಎಷ್ಟೋ ಕಡೆ ಹಾಜರಾತಿ ಬೋನಸ್ ಅಂತ ಇರುತ್ತೆ, ಒಂದು ದಿನ ತಪ್ಪಿದರೂ ಆ ತಿಂಗಳದ್ದು ಖೋತಾ. ಕಾಂಟ್ರಾಕ್ಟ್ ಮೇಲಿರುವವನಿಗೆ ರಜೆ ಹಾಕಿದರೆ ನಾಳೆ ಅವನ ಜಾಗದಲ್ಲಿ ಇನ್ನೊಬ್ಬ. ಈಗ ನೀವೇ ಹೇಳಿ, ಮೈ ಸ್ವಲ್ಪ ಬಿಸಿಯಾಗಿದೆ, ಇವತ್ತು ಅವನು ಏನು ಮಾಡುತ್ತಾನೆ? ಒಂದು ಡೋಲೋ ನುಂಗಿ ಫಸ್ಟ್ ಶಿಫ್ಟ್ ಬಸ್ಸು ಹತ್ತುತ್ತಾನೆ. ನಾವು ಅದಕ್ಕೆ ಬೇಜವಾಬ್ದಾರಿ ಅಂತ ಹೆಸರಿಡುತ್ತೇವೆ. ಜ್ವರ ಬಂದಾಗ ವರ್ಕ್ ಫ್ರಂ ಹೋಮ್ ಅಂತ ಒಂದು ಸಾಲಿನ ಮೇಲ್ ಹಾಕಿ ಮಲಗುವ ನಾವು!

ಮನುಷ್ಯನ ವರ್ತನೆ ಅರ್ಥ ಮಾಡಿಕೊಳ್ಳೋದು ಅಂದರೆ ಅವನ ಮನಸ್ಸಿನೊಳಗೆ ಇಳಿಯಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಮುಕ್ಕಾಲು ಪಾಲು ಹಾಗೇನೂ ಬೇಕಾಗುವುದಿಲ್ಲ. ಅವನ ಶಿಫ್ಟು ಎಷ್ಟು ಹೊತ್ತಿಗೆ, ರಜೆ ಹಾಕಿದರೆ ಎಷ್ಟು ಹೋಗುತ್ತದೆ, ತಪ್ಪು ಒಪ್ಪಿಕೊಂಡರೆ ಅವನಿಗೆ ಏನಾಗುತ್ತದೆ, ಇಷ್ಟು ತಿಳಿದರೆ ಸಾಕು. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ತೊಂಬತ್ತರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿ ಹೊಂದಿಕೊಂಡ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದವು. ಮೊದಲಿಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾದದ್ದು, ಅವರು ಹೆಚ್ಚು ತಪ್ಪು ಮಾಡುತ್ತಿದ್ದರು ಅಂತಲ್ಲ, ಹೆದರದೆ ಹೇಳಿಕೊಳ್ಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ಜ್ವರವನ್ನೂ ಹೀಗೇ ಮುಚ್ಚಿಡುತ್ತಾರೆ.

ಇಲ್ಲಿಗೆ ಬಂದರೆ ಒಂದು ಆಕ್ಷೇಪ ಎದುರಾಗುತ್ತದೆ, ಅದು ಗಟ್ಟಿ ಆಕ್ಷೇಪವೇ. ಎಲ್ಲದಕ್ಕೂ ಸನ್ನಿವೇಶವೇ ಕಾರಣ ಅಂದರೆ ಕೂಗಾಡುವ ಮ್ಯಾನೇಜರಿಗೂ ಸನ್ನಿವೇಶ ಇಲ್ಲವಾ? ಅವನಿಗೂ ಟಾರ್ಗೆಟ್ಟು, ಇಎಂಐ, ಮೇಲೊಬ್ಬ ಬಾಸು. ಅವನನ್ನೂ ಅರ್ಥ ಮಾಡಿಕೊಂಡು ಸುಮ್ಮನಿರಬೇಕಾ?

ಅರ್ಥ ಮಾಡಿಕೊಳ್ಳಬೇಕು, ಸುಮ್ಮನಿರಬೇಕಾಗಿಲ್ಲ. ಇವೆರಡನ್ನೂ ಗಂಟು ಹಾಕಿದ್ದೇ ನಮ್ಮ ಆಫೀಸುಗಳ ದೊಡ್ಡ ಅನ್ಯಾಯ. ಲೈಂಗಿಕ ಕಿರುಕುಳದ ದೂರುಗಳನ್ನೇ ನೋಡಿ. 2013ರ ಕಾಯ್ದೆಯ ಪ್ರಕಾರ ಹತ್ತು ಜನ ಅಥವಾ ಹೆಚ್ಚು ಇರುವ ಕಡೆ ಅದಕ್ಕೊಂದು ಆಂತರಿಕ ಸಮಿತಿ ಇರಲೇಬೇಕು. ಅಂಥ ಸಮಿತಿಗಳಲ್ಲಿ ಕೂತವರಿಗೆ "ಅವರು ಹಂಗೇನೇ ಮೇಡಂ, ಮನಸ್ಸಲ್ಲಿ ಏನೂ ಇಲ್ಲ" ಅನ್ನುವ ಸಾಕ್ಷಿ ಹೇಳಿಕೆ ಚಿರಪರಿಚಿತ. ದೂರು ಕೊಟ್ಟವಳೇ ಅವನ ಮನಸ್ಸನ್ನು ಅರ್ಥ ಮಾಡಿಕೊಳ್ಳಬೇಕಂತೆ. ಕಾಯ್ದೆ ಮಾತ್ರ ಜಾಣತನದಿಂದ ಅವನ ಮನಸ್ಸಿಗೆ ಕೈ ಹಾಕುವುದಿಲ್ಲ. ಆ ವರ್ತನೆ ಅವಳಿಗೆ ಬೇಕಾಗಿತ್ತೋ ಬೇಡವಾಗಿತ್ತೋ ಅನ್ನುವುದೇ ಅದರ ಮೊದಲ ಪ್ರಶ್ನೆ.

ನಮ್ಮ ಬೀದಿಯ ಅಕ್ಕ ಇದನ್ನು ಕಾಯ್ದೆ ಗೀಯ್ದೆ ಇಲ್ಲದೆ ಹೇಳಿದ್ದರು. "ಅವ್ನೂ ಪಾಪ ಕಣ್ ಮಗ, ಓನರ್ ಅವನ್ಗೆ ಉಗುದ್ರೆ ಅವ ನಮ್ಗೆ ಉಗೀತಿದ್ದ. ಹಂಗಂತ ನಾನ್ಯಾಕೆ ಉಗುಸ್ಕೋಬೇಕು?" ಸೂಪರ್‌ವೈಸರನ್ನು ಈಕೆಯಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಅವನ ಮನೆಯಲ್ಲೂ ಇರಲಿಕ್ಕಿಲ್ಲ. ಒಂದು ದಿನ ಕೆಲಸ ಬಿಟ್ಟು ಬಂದರು, ಬರುವಾಗ ಬಾಕಿ ಕೂಲಿ ಲೆಕ್ಕ ಹಾಕಿಸಿಕೊಂಡೇ ಬಂದರು.

ಇನ್ನೊಂದು ಅಪಾಯ ಹೊಸದು, ನಮ್ಮ ಇಲಾಖೆಯದೇ. ಈಗ ನೌಕರರ ವರ್ತನೆ ಅರ್ಥ ಮಾಡಿಕೊಳ್ಳುವ ಸಾಫ್ಟ್‌ವೇರ್ ಸಿಗುತ್ತವೆ. ಮೌಸ್ ಎಷ್ಟು ಹೊತ್ತು ಅಲ್ಲಾಡಿತು, ಚಾಟ್‌ನಲ್ಲಿ ಎಷ್ಟು ಹೊತ್ತು ಹಸಿರು ಚುಕ್ಕೆ ಇತ್ತು. ಮೂರು ತಿಂಗಳಿಗೊಮ್ಮೆ "ಅನಾಮಧೇಯ" ಸರ್ವೆ, ಐದು ಜನರ ಟೀಮಿನಲ್ಲಿ! ಬರೆದದ್ದು ಯಾರು ಅಂತ ಭಾಷೆಯಲ್ಲೇ ಗೊತ್ತಾಗುತ್ತದೆ. ಫಿಲೇಚರಿನ ಪುಸ್ತಕ ಈಗ ಡ್ಯಾಷ್‌ಬೋರ್ಡ್ ಆಗಿದೆ. ಗ್ರಾಂ ಲೆಕ್ಕ ಜೋರಾಗಿದೆ, ಕೈ ನೋಡುವವರು ಇನ್ನೂ ಬಂದಿಲ್ಲ. ಕೈ ನೋಡುತ್ತೇವೆ ಅಂತ ಹೊರಡುವ ಒಳ್ಳೆಯ ಮ್ಯಾನೇಜರುಗಳದು ಬೇರೆ ಸಮಸ್ಯೆ. "ಏನೇ ಇದ್ದರೂ ನನ್ನ ಹತ್ತಿರ ಹೇಳ್ಕೊಳ್ಳಿ, ಮನೆ ವಿಷಯ ಆದ್ರೂ ಪರವಾಗಿಲ್ಲ" ಅನ್ನುತ್ತಾರೆ. ಮನಃಪೂರ್ವಕವಾಗಿಯೇ ಅನ್ನುತ್ತಾರೆ. ಆದರೆ ಕೆಳಗಿನವನಿಗೆ ಅದು ಹೇಗೆ ಕೇಳಿಸುತ್ತದೆ ಗೊತ್ತಾ? ನಿನ್ನ ಅಮ್ಮನ ಕಾಯಿಲೆ, ನಿನ್ನ ಸಾಲ, ನಿನ್ನ ಡಿವೋರ್ಸು ಮೇಜಿನ ಮೇಲಿಡು, ನೋಡಿ ರಿಯಾಯಿತಿ ಕೊಡುತ್ತೇನೆ ಅಂತ.

ಕಳೆದ ತಿಂಗಳು ನಮ್ಮಲ್ಲಿ ಅಪ್ರೈಸಲ್ ಮೀಟಿಂಗ್ ಇತ್ತು. ನಂಜನಗೂಡಿನಿಂದ ದಿನಾ ರೈಲಿನಲ್ಲಿ ಓಡಾಡುವ ಒಬ್ಬ ಹುಡುಗನ ಫಾರಂ ಮೇಲೆ ಅವನ ಮ್ಯಾನೇಜರ್ ಬರೆದಿದ್ದರು: ಕೆಲಸ ಚೆನ್ನಾಗಿದೆ, ಆದರೆ 5:30ಕ್ಕೆ ಸರಿಯಾಗಿ ಎದ್ದು ಹೋಗುತ್ತಾನೆ, ಬದ್ಧತೆ ಕಡಿಮೆ. ಈ ಮ್ಯಾನೇಜರ್ ಕೆಟ್ಟವರಲ್ಲ, ಟ್ರೈನಿಂಗಿನ ಎರಡೂ ದಿನ ಮುಂದಿನ ಸಾಲಿನಲ್ಲಿ ಕೂತಿದ್ದವರು. ಈ ಸಾಲು ಯಾಕೆ ಬೇಕು ಅಂತ ನಾನು ಕೇಳಿದೆ.

"ಏನಂತೆ ಅವನ ಪ್ರಾಬ್ಲಮ್ಮು? ಮನೇಲಿ ಯಾರಿಗಾದ್ರೂ ಹುಷಾರಿಲ್ವಾ? ನಂಗೆ ಹೇಳಿದ್ರೆ ಅರ್ಥ ಮಾಡ್ಕೋತಿದ್ದೆ" ಅಂದರು.

"ನಾನು ಕೇಳಿಲ್ಲ ಸರ್."

"ಮತ್ತೆ ಕಾರಣನೇ ಗೊತ್ತಿಲ್ದೆ ಹೆಂಗೆ ಅರ್ಥ ಮಾಡ್ಕೊಳ್ಳೋದು?"

ಅವನ ಅಪಾಯಿಂಟ್‌ಮೆಂಟ್ ಲೆಟರ್ ಫೈಲಿನಲ್ಲೇ ಇತ್ತು. ತೆಗೆದು ಎರಡನೇ ಪುಟ ತೋರಿಸಿದೆ. ಕೆಲಸದ ವೇಳೆ, ಬೆಳಿಗ್ಗೆ 9ರಿಂದ ಸಂಜೆ 5:30. ಕೆಳಗೆ ಕಂಪನಿ ಪರವಾಗಿ ನನ್ನದೇ ಸಹಿ. ಅವರು ಒಂದು ಸಲ ಅದನ್ನು ಓದಿದರು, ನನ್ನ ಮುಖ ನೋಡಿದರು, ಏನೂ ಹೇಳದೆ ಪೆನ್ನು ತೆಗೆದು ಆ ಸಾಲು ಹೊಡೆದು ಹಾಕಿದರು. ರೇಟಿಂಗ್ ಮಾತ್ರ ಇದ್ದಲ್ಲೇ ಇದೆ. ಅದಕ್ಕೆ ಮುಂದಿನ ವಾರ ಇನ್ನೊಂದು ಮೀಟಿಂಗ್ ಕರೆದಿದ್ದೇನೆ, ಸಂಜೆ ನಾಲ್ಕಕ್ಕೆ, ಐದರೊಳಗೆ ಮುಗಿಯುವ ಹಾಗೆ.